ಅಪ್ಪ ಮಲಗಿದ್ದಾರೆ

"ಆಫೀಸಿನಲ್ಲಿ ಏನೇ ಮಾಡ್ತೀಯ ನೀನು?" ಎಂದು ಅಮ್ಮ ಕೇಳಿದ್ದು ನಾನು ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ "ಕಂಪ್ಯೂಟರ್ ಕೆಲಸ" ಎಂಬ ಒಂದೇ ಮಾತಿನಲ್ಲಿ ನಾವಿಬ್ಬರೂ ನೆಮ್ಮದಿಯಾಗಿದ್ದೆವು. ಅವತ್ತು ಪಕ್ಕದ ಮನೆಯವರು ಕೇಳಿದ್ದರಂತೆ, ಅಮ್ಮನಿಗೆ ಏನು ಹೇಳಬೇಕೋ ತಿಳಿದಿರಲಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಸ್ವಲ್ಪ ಯೋಚಿಸಿ, ಸುಳ್ಳಾಗದ ಹಾಗೆ ಹೇಳಿದೆ.

"ಯಂತ್ರಗಳನ್ನ ಮಲಗಿಸ್ತೀನಮ್ಮ. ಆಮೇಲೆ ಎಬ್ಬಿಸ್ತೀನಿ."

"ಅದಕ್ಕೂ ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ನಿಮ್ಮಪ್ಪನ್ನ ನಾನು ಹದಿನೆಂಟು ವರ್ಷ ಮಲಗಿಸಿ ಎಬ್ಬಿಸಿದೆ. ಯಾರೂ ಒಂದು ಕಾಸು ಕೊಡಲಿಲ್ಲ."

ಅಮ್ಮ ಹೇಳಿದ್ದು ತಮಾಷೆಗೆ. ಆದರೆ ನನ್ನ ಕೆಲಸದ ಬಗ್ಗೆ ಅಷ್ಟು ಸರಿಯಾದ ಮಾತನ್ನು ಯಾವ ಮ್ಯಾನೇಜರೂ ಹೇಳಿಲ್ಲ.

ನಾವಿದ್ದದ್ದು ಶ್ರೀರಾಂಪುರದ ಒಂದು ವಠಾರದಲ್ಲಿ. ರೈಲು ಹಳಿಯ ಆಚೆಗೆ ಮಲ್ಲೇಶ್ವರ, ಈಚೆಗೆ ನಾವು. ಹಳಿ ದಾಟಿದರೆ ಮನೆಗಳ ಮುಂದೆ ಸಂಪಿಗೆ ಮರ, ಕಾಂಪೌಂಡು, ಗೇಟಿನಲ್ಲಿ ಹೆಸರು ಬರೆದ ಕಲ್ಲು. ಈಚೆ ಕಡೆ ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಸಣ್ಣ ಮನೆಗಳು. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಭಾಷೆಗಳಲ್ಲೂ ಒಂದೇ ನಲ್ಲಿಗಾಗಿ ಜಗಳ. ಸುತ್ತಮುತ್ತ ಬಟ್ಟೆ ಮಿಲ್ಲುಗಳಿದ್ದ ಕಾಲ ಅದು. ಇವತ್ತು ಮಂತ್ರಿ ಮಾಲ್ ನಿಂತಿರುವ ಜಾಗದಲ್ಲಿ ರಾಜಾ ಮಿಲ್ಲಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ನಮ್ಮ ಬೀದಿಯ ಗಂಡಸರಲ್ಲಿ ಮಿಲ್ಲಿಗೆ ಹೋಗುವವರೇ ಹೆಚ್ಚು. ಗಡಿಯಾರ ಇಲ್ಲದ ಮನೆಗಳೂ ಮಿಲ್ಲಿನ ಕೂಗಿಗೆ ಅಡುಗೆ ಇಡುತ್ತಿದ್ದವು.

ಅಪ್ಪನದು ಹೆಚ್ಚಾಗಿ ರಾತ್ರಿ ಪಾಳಿ. ಬೆಳಗ್ಗೆ ಏಳರ ಮೇಲೆ ಬರುತ್ತಿದ್ದರು. ತಲೆಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಸ್ನಾನ, ತಿಂಡಿ ಮುಗಿಸಿ ಒಂಬತ್ತರ ಹೊತ್ತಿಗೆ ಚಾಪೆ ಹಾಸಿದರೆ ಮೂರು ಗಂಟೆಯವರೆಗೆ ನಿದ್ದೆ. ಹತ್ತಡಿ ಉದ್ದದ ಒಂದೇ ಕೋಣೆ, ಅದರಲ್ಲೇ ಅಡುಗೆ. ಹೊರಗೆ ಹಗಲಿನ ಶ್ರೀರಾಂಪುರ: ಪಾತ್ರೆ ತಿಕ್ಕುವ ಸದ್ದು, ಸೊಪ್ಪಿನವಳ ಕೂಗು, ರೈಲು, ಮಕ್ಕಳು. ಇದರ ಮಧ್ಯೆ ಒಬ್ಬ ಮನುಷ್ಯ ಮಲಗಬೇಕು. ಮಲಗದಿದ್ದರೆ ರಾತ್ರಿ ಮಗ್ಗದ ಮುಂದೆ ತೂಕಡಿಸಬೇಕಾಗುತ್ತದೆ. ತೂಕಡಿಸಿದವರ ಬೆರಳು ಏನಾಗುತ್ತದೆ ಎಂಬುದು ನಮ್ಮ ಬೀದಿಗೆ ಗೊತ್ತಿತ್ತು.

ಹಾಗಾಗಿ ಅಪ್ಪನ ನಿದ್ದೆ ಮನೆಯ ಆಸ್ತಿ. ಅದಕ್ಕೆ ಅಮ್ಮ ಕಾವಲು. ಅಮ್ಮ ಅಪ್ಪನನ್ನು ಮಲಗಿಸುವುದರಲ್ಲೂ ಒಂದು ಕ್ರಮವಿತ್ತು. ಮೊದಲು ನಮ್ಮನ್ನು ಹೊರಗೆ ಓಡಿಸುವುದು. ಆಮೇಲೆ ಒಲೆಯ ಮೇಲಿನದನ್ನು ಇಳಿಸುವುದು. ರೇಡಿಯೊ ಬಂದ್. ಕಿಟಕಿಗೆ ಹಳೇ ಸೀರೆ. ಕೊನೆಗೆ ಬಾಗಿಲು ಮುಂದೆ ಮಾಡಿ, ಹೊಸ್ತಿಲ ಹೊರಗೆ ತಾನು ಕೂರುವುದು. ಯಾರು ಬಂದರೂ ತುಟಿಯ ಮೇಲೆ ಬೆರಳು.

ಕಂಪ್ಯೂಟರನ್ನು ಮಲಗಿಸುವುದೂ ಹೀಗೆಯೇ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಅದು ಆರಿಹೋಗುವುದಿಲ್ಲ, ನಿದ್ದೆ ಹೋಗುತ್ತದೆ. ನಾವು ಇದನ್ನು ಸಸ್ಪೆಂಡ್ ಎನ್ನುತ್ತೇವೆ. ಇಡೀ ಯಂತ್ರದ ಯಜಮಾನಿಕೆ ಮಾಡುವ ತಂತ್ರಾಂಶದ ತಿರುಳಿಗೆ ಕರ್ನಲ್ ಎಂದು ಹೆಸರು. ನಾನು ಕೆಲಸ ಮಾಡುವುದು ಲಿನಕ್ಸ್ ಕರ್ನಲ್‌ನಲ್ಲಿ. ಮಲಗುವ ಹೊತ್ತಾದಾಗ ಕರ್ನಲ್ ಮೊದಲು ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದು ಮುಗಿಸುತ್ತದೆ. ಆಮೇಲೆ ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ಇದ್ದಲ್ಲೇ ನಿಲ್ಲಿಸುತ್ತದೆ. ಇದು ಮಕ್ಕಳನ್ನು ಹೊರಗೆ ಓಡಿಸಿದ ಹಾಗೆ. ಬಳಿಕ ಒಂದೊಂದೇ ಉಪಕರಣವನ್ನು ಮಲಗಿಸುತ್ತದೆ, ಅದೂ ಮಕ್ಕಳು ಮೊದಲು, ತಾಯಿ ಆಮೇಲೆ ಎಂಬ ಕ್ರಮದಲ್ಲಿ. ಮೌಸು ಮಲಗದೆ ಅದು ಸಿಕ್ಕಿಸಿಕೊಂಡಿರುವ ಯುಎಸ್‌ಬಿ ಮಲಗುವಂತಿಲ್ಲ. ಆಮೇಲೆ ಉಪಕರಣಗಳ ಕೂಗಿಗೆ ಕಿವಿ ಮುಚ್ಚುತ್ತದೆ. ಪ್ರೊಸೆಸರಿನ ಹಲವು ಕೋರ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸುತ್ತದೆ. ಕೊನೆಗೆ ಆ ಒಂದೂ ನಿಲ್ಲುತ್ತದೆ. ನೆನಪಿನ ಚಿಪ್ಪುಗಳು ಮಾತ್ರ ತಮ್ಮೊಳಗಿನದನ್ನು ಮರೆಯದಷ್ಟು ಕರೆಂಟು ಕುಡಿಯುತ್ತಾ ಉಸಿರಾಡುತ್ತಿರುತ್ತವೆ.

ಈ 'ಕೂಗು' ಎಂದೆನಲ್ಲ, ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಕೀಲಿ ಒತ್ತಿದಿರಿ, ಫೋನಿಗೆ ಕರೆ ಬಂತು, ನೆಟ್‌ವರ್ಕಿನಲ್ಲಿ ಏನೋ ತಲುಪಿತು, ಟೈಮರ್ ಮುಗಿಯಿತು ಎಂದರೆ ಆಯಾ ಉಪಕರಣ ಪ್ರೊಸೆಸರಿನ ಭುಜ ತಟ್ಟುತ್ತದೆ. ಪ್ರೊಸೆಸರ್ ಮಾಡುತ್ತಿದ್ದುದನ್ನು ಬಿಟ್ಟು ಆ ಉಪಕರಣಕ್ಕೆಂದೇ ಬರೆದಿಟ್ಟ ಪುಟ್ಟ ಕೋಡನ್ನು ನಡೆಸುತ್ತದೆ. ಅದರ ಹೆಸರು ಹ್ಯಾಂಡ್ಲರ್. ಎಚ್ಚರವಿದ್ದಾಗ ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುವ ಮಾಮೂಲಿ ಸಂಗತಿ. ಮಲಗುವ ಹೊತ್ತಿನಲ್ಲಿ ಮಾತ್ರ ಅಪಾಯ. ಕರೆಂಟು ತೆಗೆದುಹಾಕಿದ ಉಪಕರಣದ ಹ್ಯಾಂಡ್ಲರ್ ಓಡಿ, ಆ ಉಪಕರಣವನ್ನು ಮಾತಾಡಿಸಲು ಹೋದರೆ ಇಡೀ ಯಂತ್ರ ಕಲ್ಲಾಗಿ ನಿಂತುಬಿಡಬಹುದು. ಆದ್ದರಿಂದಲೇ ಕಿವಿ ಮುಚ್ಚುವುದು.

ಆದರೆ ಪೂರ್ತಿ ಕಿವಿ ಮುಚ್ಚಿದ ಮೇಲೆ ಎಬ್ಬಿಸುವವರು ಯಾರು?

ವಠಾರದಲ್ಲಿ ಈ ಪ್ರಶ್ನೆಗೆ ಉತ್ತರ ನೀರಿನ ರೂಪದಲ್ಲಿತ್ತು. ನಲ್ಲಿಯಲ್ಲಿ ನೀರು ಬರುತ್ತಿದ್ದುದು ರಾತ್ರಿ ಎರಡಕ್ಕೋ ಮೂರಕ್ಕೋ, ದೇವರಿಗೇ ಗೊತ್ತು. ಕಾದು ಕೂರಲು ಆಗುವುದಿಲ್ಲ, ಮಲಗಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಅಮ್ಮ ನಲ್ಲಿಯನ್ನು ತಿರುಗಿಸಿ ತೆರೆದಿಟ್ಟು, ಕೆಳಗೆ ಖಾಲಿ ಹಿತ್ತಾಳೆ ಬಿಂದಿಗೆ ಇಟ್ಟು ಮಲಗುತ್ತಿದ್ದಳು. ನೀರು ಬರುವ ಮೊದಲು ಕೊಳವೆಯ ಗಾಳಿ ಗೊರಗೊರ ಎನ್ನುತ್ತದೆ, ಆಮೇಲೆ ಮೊದಲ ಹನಿ ಖಾಲಿ ಬಿಂದಿಗೆಯ ತಳಕ್ಕೆ ಟಣ್ ಎಂದು ಬೀಳುತ್ತದೆ. ರೈಲು ಹೋದರೂ ಏಳದ, ನಾಯಿಗಳು ಕಚ್ಚಾಡಿದರೂ ಏಳದ ಅಮ್ಮ ಆ ಒಂದು ಟಣ್‌ಗೆ ಎದ್ದು ಕೂರುತ್ತಿದ್ದಳು. ಯಾವ ಸದ್ದಿಗೆ ಏಳಬೇಕು ಎಂಬುದನ್ನು ಮಲಗುವ ಮೊದಲೇ ತೀರ್ಮಾನ ಮಾಡಿರಬೇಕು. ಕರ್ನಲ್ ಕೂಡ ಇದನ್ನೇ ಕೇಳುತ್ತದೆ. ಪ್ರತಿ ಡ್ರೈವರ್ ಮಲಗುವ ಮುನ್ನ ಹೇಳಿರಬೇಕು: ನನ್ನ ಈ ಗೆರೆ ಕೂಗಿದರೆ ಎಬ್ಬಿಸು. ಹಾಗೆ ಹೇಳುವ ಆದೇಶಕ್ಕೆ 'ಎನೇಬಲ್ ಐಆರ್‌ಕ್ಯೂ ವೇಕ್' ಎಂದು ಹೆಸರು. ಹೇಳದವರ ಕೂಗಿಗೆ ಯಾರೂ ಏಳುವುದಿಲ್ಲ.

ಇನ್ನು ಆ ದಿನದ ವಿಷಯ.

1986. ನನಗೆ ಎಂಟು ವರ್ಷ. ಆಗ ಬೀದಿಗೊಂದು ಫೋನು ಇದ್ದರೆ ಹೆಚ್ಚು. ನಮ್ಮ ಬೀದಿಯದು ಮೂಲೆಯ ದಿನಸಿ ಅಂಗಡಿಯಲ್ಲಿತ್ತು. ಮದುವೆ ಕಾರ್ಡಿನಿಂದ ಮಿಲ್ಲಿನ ಅರ್ಜಿಯವರೆಗೆ ಎಲ್ಲ ಕಡೆ ನಮ್ಮ ಬೀದಿಯವರೆಲ್ಲ ಅದೇ ನಂಬರನ್ನು ಬರೆದು ಪಕ್ಕದಲ್ಲಿ 'ಪಿಪಿ' ಎಂದು ಹಾಕುತ್ತಿದ್ದೆವು. ಫೋನು ಬಂದರೆ ಅಂಗಡಿಯ ಹುಡುಗ ಓಡಿ ಬಂದು ಕರೆಯುತ್ತಿದ್ದ.

ಅವತ್ತು ಭಾನುವಾರ, ಶಾಲೆಯಿಲ್ಲ. ಅಪ್ಪ ಪಾಳಿ ಮುಗಿಸಿ ಬಂದು, ತಿಂಡಿ ತಿಂದು, ಆಗಷ್ಟೇ ಚಾಪೆಯ ಮೇಲೆ ಒರಗಿದ್ದರು. ಇನ್ನೂ ನಿದ್ದೆ ಹತ್ತಿರಲಿಲ್ಲ, ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತು. ಅಮ್ಮ ಬಟ್ಟೆ ಒಗೆಯಲು ಹೋಗುತ್ತಾ ನನ್ನನ್ನು ಹೊಸ್ತಿಲಲ್ಲಿ ಕೂರಿಸಿ, "ಯಾರು ಬಂದರೂ ಅಪ್ಪ ಮಲಗಿದಾರೆ ಅನ್ನು. ಎಬ್ಬಿಸಬೇಡ," ಎಂದಳು. ಮೊದಲ ಸಲ ನನಗೆ ಅಮ್ಮನ ಜಾಗ ಸಿಕ್ಕಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

ಅಂಗಡಿಯ ಹುಡುಗ ಬಂದ. "ನಿಮ್ಮಪ್ಪಂಗೆ ಊರಿಂದ ಫೋನ್ ಬಂದಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತಾರಂತೆ. ಬರಬೇಕಂತೆ."

ನಾನು ತುಟಿಯ ಮೇಲೆ ಬೆರಳಿಟ್ಟೆ. "ಅಪ್ಪ ಮಲಗಿದ್ದಾರೆ."

"ಹೇಳ್ತೀಯಾ?"

"ಹೇಳ್ತೀನಿ."

ಅವನು ಹೋದ. ನಾನು ಹೇಳಿದ್ದನ್ನು ಕೇಳಿಸಿಕೊಂಡೆ, ತಲೆಯಾಡಿಸಿದೆ, ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಆಮೇಲೆ ಎದುರು ಮನೆಯ ಹುಡುಗಿಯರು ಕುಂಟಾಬಿಲ್ಲೆಗೆ ಗೆರೆ ಎಳೆದರು. ಅಮ್ಮ ಬಂದು ಹೊಸ್ತಿಲಲ್ಲಿ ಕೂತಳು, ನಾನು ಆಟಕ್ಕೆ ಓಡಿದೆ. ಮೂರು ಗಂಟೆಗೆ ಅಪ್ಪ ಎದ್ದಾಗ ಆ ಮಾತು ನನ್ನ ತಲೆಯಲ್ಲಿ ಎಲ್ಲೋ ಇತ್ತು, ಬಾಯಿಗೆ ಬರಲಿಲ್ಲ.

ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಮಾಗಡಿ ಕಡೆಯ ನಮ್ಮ ಊರಿನಿಂದ ದೊಡ್ಡಪ್ಪನ ಮಗ ಬಂದ. ಅಜ್ಜಿ ರಾತ್ರಿ ಹೋಗಿಬಿಟ್ಟಿದ್ದಳು. ಭಾನುವಾರವೆಲ್ಲ ಉಸಿರು ಹಿಡಿದುಕೊಂಡು ಚಿಕ್ಕ ಮಗನ ಹೆಸರು ಹಿಡಿದು ಕೇಳುತ್ತಿದ್ದಳಂತೆ. ಅಪ್ಪ ಮಣ್ಣಿಗೆ ಹೋದರು. ಮುಖ ನೋಡಿದರು. ಆದರೆ ಕೊನೆಗಾಲದಲ್ಲಿ ಹೆತ್ತವಳ ಬಾಯಿಗೆ ನೀರು ಬಿಡುವುದು ಅವರಿಗೆ ಆಗಲಿಲ್ಲ. ಒಂದೂವರೆ ಗಂಟೆಯ ಬಸ್ಸಿನ ದಾರಿ ಅದು.

"ಫೋನ್ ಮಾಡಿದ್ವಲ್ಲ ಚಿಕ್ಕಪ್ಪ," ಎಂದ ದೊಡ್ಡಪ್ಪನ ಮಗ. ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ಅಮ್ಮ ಹೇಳಿದಳು: "ಹುಡುಗ ಬಂದು ಹೇಳಿದ್ದ. ನಾನೇ ಮರೆತೆ."

ಅಪ್ಪ ಏನೂ ಅನ್ನಲಿಲ್ಲ. ಆದರೆ ಅದಾದ ಮೇಲೆ ಅವರಿಗೊಂದು ಅಭ್ಯಾಸ ಬಂತು. ಪ್ರತಿದಿನ ಚಾಪೆಯ ಮೇಲೆ ಒರಗಿ, ಕಣ್ಣು ಮುಚ್ಚುವ ಮೊದಲು ಬಾಗಿಲ ಕಡೆ ತಿರುಗಿ ಕೇಳುತ್ತಿದ್ದರು: "ಯಾರಾದರೂ ಬಂದಿದ್ರಾ?" ನಾನು "ಇಲ್ಲ" ಎನ್ನುತ್ತಿದ್ದೆ. ಆ ಪ್ರಶ್ನೆ ನನಗೆ ಸೂಜಿಯಿಂದ ಚುಚ್ಚಿದ ಹಾಗಾಗುತ್ತಿತ್ತು. 2011ರಲ್ಲಿ ಅಪ್ಪ ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಬಾಯಿ ಬಿಟ್ಟು ಹೇಳಲಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಯಾವ ಪಾಪಪ್ರಜ್ಞೆಯಿಂದಲೂ ಅಲ್ಲ. ಮಿಲ್ಲು ಮುಚ್ಚಿದ ಮೇಲೆ ಬೀದಿಯ ಮಕ್ಕಳೆಲ್ಲ ಯಾವ ಬಾಗಿಲು ತೆರೆದಿತ್ತೋ ಅಲ್ಲಿ ನುಗ್ಗಿದರು. ನನಗೆ ತೆರೆದದ್ದು ಇಂಜಿನಿಯರಿಂಗ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಾಗಿತ್ತು, ಚಿಪ್ಪುಗಳ ಕೆಲಸ ಊರಿಗೆ ಒಗ್ಗಿಹೋಗಿತ್ತು. ನಾನು ಕೆಲಸ ಕಲಿಯುತ್ತಿದ್ದ ವರ್ಷಗಳಲ್ಲಿ ನಮ್ಮಂಥವರಿಗೆಲ್ಲ ಹೆಮ್ಮೆಯಾಗಿದ್ದದ್ದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಬೆಂಗಳೂರಿನ ಇಂಜಿನಿಯರುಗಳೂ ಸೇರಿ ಮಾಡಿದ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅದು. 2004ರಲ್ಲಿ ಬಿಇಎಲ್ ಮತ್ತು ಪಿಕೋಪೀಟಾ ಸೇರಿ ಅದನ್ನು 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಒಳಗಿದ್ದದ್ದು ಲಿನಕ್ಸ್. ವ್ಯಾಪಾರದಲ್ಲಿ ಅದು ಸೋತಿತು. ಆದರೆ ಬ್ಯಾಟರಿಯಲ್ಲಿ ನಡೆಯುವ, ಜೇಬಿನಲ್ಲಿರುವ ಲಿನಕ್ಸ್ ಯಂತ್ರ ಹೇಗಿರುತ್ತದೆ ಎಂಬುದನ್ನು ನಾನು ಮೊದಲು ಕಂಡದ್ದು ಅದರಲ್ಲಿ. ಸರ್ವರುಗಳಿಗೆ ನಿದ್ದೆ ಬೇಕಿಲ್ಲ, ಮೇಜಿನ ಮೇಲಿನ ಕಂಪ್ಯೂಟರಿಗೆ ನಿದ್ದೆ ಒಂದು ಸೌಕರ್ಯ. ಅಂಗೈಯ ಯಂತ್ರಕ್ಕೆ ನಿದ್ದೆಯೇ ಜೀವ.

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದ ಮೇಲೆ ಈ ಪ್ರಶ್ನೆ ಲಿನಕ್ಸ್ ಲೋಕದ ದೊಡ್ಡ ಜಗಳವಾಯಿತು. ಆಂಡ್ರಾಯ್ಡಿನ ನೀತಿ: ಕೆಲಸವಿಲ್ಲದ ಗಳಿಗೆಯಲ್ಲೆಲ್ಲ ಫೋನು ಮಲಗಲಿ. ಯಾರಿಗೆ ಕೆಲಸವಿದೆಯೋ ಅವರು 'ವೇಕ್ ಲಾಕ್' ಎಂಬ ಚೀಟಿ ಹಿಡಿದುಕೊಂಡಿರಲಿ, ಒಬ್ಬರ ಕೈಯಲ್ಲಿ ಚೀಟಿ ಇದ್ದರೂ ಮಲಗುವಂತಿಲ್ಲ. ಲಿನಕ್ಸಿನ ಹಿರಿಯರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಒಪ್ಪಲಿ ಬಿಡಲಿ, ಆಂಡ್ರಾಯ್ಡಿನವರು ತೋರಿಸಿದ ತೊಡಕು ನಿಜವಾಗಿತ್ತು. ಮಲಗೋಣ ಎಂದು ತೀರ್ಮಾನಿಸಿದ ಗಳಿಗೆಗೂ ನಿಜವಾಗಿ ಮಲಗಿದ ಗಳಿಗೆಗೂ ನಡುವೆ ಒಂದು ಸಂದಿಯಿದೆ. ಆ ಸಂದಿಯಲ್ಲಿ ಬಂದ ಕರೆಯ ಗತಿಯೇನು?

ಪೋಲೆಂಡಿನ ರಫಾಯೆಲ್ ವೈಸಾಕಿ 2010ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಎಬ್ಬಿಸುವಂಥ ಘಟನೆಗಳನ್ನು ಕರ್ನಲ್ ಎಣಿಸುತ್ತಾ ಹೋಗುತ್ತದೆ. ಮಲಗಿಸಲು ಹೊರಟ ಪ್ರೋಗ್ರಾಮು ಮೊದಲು ಆ ಲೆಕ್ಕವನ್ನು ಓದಿಕೊಳ್ಳಬೇಕು. ಆಮೇಲೆ ತನ್ನ ಕೆಲಸ ಮುಗಿಸಿ, ಓದಿದ ಲೆಕ್ಕವನ್ನೇ ತಿರುಗಿ ಬರೆಯಬೇಕು. ಅಷ್ಟರಲ್ಲಿ ಲೆಕ್ಕ ಬದಲಾಗಿದ್ದರೆ ಕರ್ನಲ್ ಅದನ್ನು ಒಪ್ಪುವುದಿಲ್ಲ: ಯಾರೋ ಬಂದಿದ್ದಾರೆ, ಈಗ ಮಲಗಬೇಡ. ಓದಿದ ಕೂಡಲೇ ನನಗೆ ನಮ್ಮ ವಠಾರದ ಮುಂಬಾಗಿಲು ನೆನಪಾಯಿತು. ರಾತ್ರಿ ಅಗಳಿ ಹಾಕುವ ಅಜ್ಜಿಯೊಬ್ಬರಿದ್ದರು. ಅವರು ಹೊರಗಿನ ಚಪ್ಪಲಿ ಎಣಿಸಿ, ಒಳಗೆ ಒಂದು ಸುತ್ತು ಹೋಗಿ ದೀಪ ಆರಿಸಿ ಬಂದು, ಮತ್ತೆ ಚಪ್ಪಲಿ ಎಣಿಸುತ್ತಿದ್ದರು. ಒಂದು ಜೊತೆ ಹೆಚ್ಚಿದ್ದರೆ ಅಗಳಿ ಹಾಕುತ್ತಿರಲಿಲ್ಲ.

2015ರಲ್ಲಿ ನಾನಿದ್ದ ಕಂಪನಿ ಒಂದು ಪುಟ್ಟ ಯಂತ್ರ ಮಾಡುತ್ತಿತ್ತು. ವಯಸ್ಸಾದವರು ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುವಂಥದ್ದು. ಮೇಲೊಂದು ಕೆಂಪು ಗುಂಡಿ. ಒತ್ತಿದರೆ ಮಕ್ಕಳ ಫೋನಿಗೆ ಕರೆ ಹೋಗಬೇಕು. ಬ್ಯಾಟರಿ ಬಹಳ ದಿನ ಬರಬೇಕೆಂದರೆ ಯಂತ್ರ ಸದಾ ಮಲಗಿರಬೇಕು, ಆಗಾಗ ಎದ್ದು ನೆಟ್‌ವರ್ಕ್ ಇದೆಯೇ ಎಂದು ನೋಡಿ ಮತ್ತೆ ಮಲಗಬೇಕು. ಮಾರಾಟಕ್ಕೆ ಇನ್ನೂ ಎರಡು ತಿಂಗಳಿತ್ತು. ಪರೀಕ್ಷೆ ಮಾಡುತ್ತಿದ್ದ ಹುಡುಗಿಯೊಬ್ಬಳು ಒಂದು ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು ಹೇಳಿದಳು: "ಮ್ಯಾಮ್, ರಾತ್ರಿ ಎರಡು ಗಂಟೆಗೆ ಒತ್ತಿದೆ. ಕರೆ ಬರಲಿಲ್ಲ. ಬೆಳಗ್ಗೆ ಆರಕ್ಕೆ ಅದು ತಾನಾಗಿ ಎದ್ದಾಗ ಬಂತು."

ಕಳೆದುಹೋಗಿದ್ದರೆ ಬೇರೆ ಮಾತು. ಬೆಳಗ್ಗೆ ಬಂತು ಎಂದದ್ದು ನನ್ನ ಎದೆಗೆ ತಾಗಿತು. ಅದು ಮೊದಲ ಬಸ್ಸಿಗೆ ಬಂದ ದೊಡ್ಡಪ್ಪನ ಮಗನೇ.

ಮೂರು ವಾರ ಹುಡುಕಿದೆವು. ಎಚ್ಚರವಿದ್ದಾಗ ಗುಂಡಿ ಒತ್ತಿದರೆ ಸರಿ. ಗಾಢ ನಿದ್ದೆಯಲ್ಲಿ ಒತ್ತಿದರೂ ಸರಿ. ಯಂತ್ರವನ್ನು ರಾತ್ರಿಯಿಡೀ ಮಲಗಿಸಿ ಎಬ್ಬಿಸಿ ಮಾಡಿದರೆ ಸಾವಿರಾರು ಸಲಕ್ಕೆ ಒಂದು ಸಲ ಮಾತ್ರ ತಪ್ಪುತ್ತಿತ್ತು. ಮಲಗುವ ಹೊತ್ತಿನಲ್ಲಿ ಸಂದೇಶ ಬರೆಯುವ ಕನ್ಸೋಲ್ ಕೂಡ ಮಲಗಿಬಿಡುತ್ತದೆ, ಹಾಗಾಗಿ ಏನಾಯಿತೆಂದು ಹೇಳಲು ಸಾಕ್ಷಿಯಿಲ್ಲ. ಕೊನೆಗೆ ನಾನು ಮಲಗುವ ದಾರಿಯ ಪ್ರತಿ ಮೆಟ್ಟಿಲಿನಲ್ಲೂ ಬೇಕೆಂದೇ ಎರಡು ಸೆಕೆಂಡು ತಡೆ ಹಾಕುತ್ತಾ ಹೋದೆ. ಹೀಗೆ ಕೂದಲೆಳೆಯ ಸಂದಿಯನ್ನು ಬಾಗಿಲಿನಷ್ಟು ಅಗಲ ಮಾಡಿಕೊಳ್ಳುವುದು ನಮ್ಮ ಕಸುಬಿನ ಹಳೇ ಉಪಾಯ. ಉಪಕರಣಗಳ ಕೂಗಿಗೆ ಕಿವಿ ಮುಚ್ಚಿದ ಮೇಲೆ, ಕೊನೆಯ ಕೋರ್ ನಿಲ್ಲುವ ಮೊದಲು ಗುಂಡಿ ಒತ್ತಿದೆ. ಯಂತ್ರ ಮಲಗಿತು. ಏಳಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಮಲಗಿತು. ಹತ್ತಕ್ಕೆ ಹತ್ತು ಸಲ.

ಗುಂಡಿಯ ಡ್ರೈವರ್ ತೆಗೆದು ನೋಡಿದೆ. ಯಾರೋ ಬಹಳ ಕಾಳಜಿಯಿಂದ ಬರೆದಿದ್ದರು. ಎಬ್ಬಿಸುವ ಗೆರೆ ಎಂದು ಮುಂಚೆಯೇ ಹೇಳಿಯೂ ಇದ್ದರು. ಅದರ ಮೇಲೆ, ಇನ್ನೂ ಭದ್ರವಾಗಿರಲಿ ಎಂದು 'ನೋ ಸಸ್ಪೆಂಡ್' ಎಂಬ ಇನ್ನೊಂದು ಗುರುತನ್ನೂ ಹಾಕಿದ್ದರು. ಹೆಸರು ಕೇಳಿದರೆ ಯಾರಿಗಾದರೂ ಅನ್ನಿಸುವುದು ಇದು ಬಲವಾದ ಕಾವಲು ಎಂದೇ. ಆ ಗುರುತಿನ ಅರ್ಥ ಇಷ್ಟೇ: ಎಲ್ಲರ ಕೂಗಿಗೆ ಕಿವಿ ಮುಚ್ಚುವಾಗ ಈ ಗೆರೆಗೆ ಮುಚ್ಚಬೇಡ, ಇದರ ಹ್ಯಾಂಡ್ಲರ್ ಕೊನೆಯವರೆಗೂ ಎಚ್ಚರವಿರಲಿ. ಅದು ಇರುವುದು ಟೈಮರಿನಂಥ, ಮಲಗುವ ಕೆಲಸಕ್ಕೇ ಬೇಕಾದ ಕೆಲವೇ ಇಂಟರಪ್ಟುಗಳಿಗೆ. ಯಂತ್ರವನ್ನು ಎಬ್ಬಿಸುತ್ತೇನೆ ಎಂಬ ಮಾತನ್ನು ಅದು ಎಲ್ಲೂ ಕೊಡುವುದಿಲ್ಲ.

ನಡೆದದ್ದು ಇದು. ಸಂದಿಯಲ್ಲಿ ಗುಂಡಿ ಒತ್ತಿದಾಗ ಹ್ಯಾಂಡ್ಲರ್ ಎಚ್ಚರವಿತ್ತು, ಓಡಿ ಬಂತು. ಗುಂಡಿ ಒತ್ತಿದ್ದನ್ನು ಕೇಳಿಸಿಕೊಂಡಿತು. ಸರದಿಯಲ್ಲಿ ಬರೆದಿಟ್ಟಿತು. ಗೆರೆಯನ್ನು ಸಮಾಧಾನ ಮಾಡಿ ಕಳುಹಿಸಿತು. ಆ ಸಂದೇಶವನ್ನು ಓದಬೇಕಾದ ಪ್ರೋಗ್ರಾಮು ಆಗಲೇ ಹೆಪ್ಪುಗಟ್ಟಿ ನಿಂತಿತ್ತು. ಹ್ಯಾಂಡ್ಲರ್ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಯಿತು. ಯಾರಿಗೂ "ಮಲಗಬೇಡಿ" ಎನ್ನಲಿಲ್ಲ. ಮನೆ ಮಲಗಿತು. ಬಾಗಿಲು ತಟ್ಟಿದವರು ಒಮ್ಮೆ ತಟ್ಟಿ ಹೋಗಿಯಾಗಿತ್ತು, ನಿದ್ದೆಯಲ್ಲಿ ಎಬ್ಬಿಸಲು ಈಗ ಹೊರಗೆ ಯಾರೂ ಇರಲಿಲ್ಲ.

ರಾತ್ರಿ ಹನ್ನೊಂದರ ಆಫೀಸು. ಎ.ಸಿ. ಸದ್ದು ಬಿಟ್ಟರೆ ಏನಿಲ್ಲ. ಪರದೆಯ ಮೇಲಿನ ಇಪ್ಪತ್ತು ಸಾಲಿನ ಕೋಡನ್ನು ನೋಡುತ್ತಾ ಕೂತಿದ್ದೆ. ಹೊಸ್ತಿಲ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಹುಡುಗಿ ಅಲ್ಲಿದ್ದಳು. ಅವಳು ನಿದ್ದೆ ಮಾಡಿರಲಿಲ್ಲ, ಸೋಮಾರಿಯಾಗಿರಲಿಲ್ಲ. ಎಚ್ಚರವಾಗಿ ಇದ್ದದ್ದೇ ತೊಂದರೆಯಾಗಿತ್ತು.

ಇದಕ್ಕೆ ಕರ್ನಲ್‌ನಲ್ಲಿ ಸರಿಯಾದ ದಾರಿ 2014ರ ಹೊತ್ತಿಗೇ ಸ್ಪಷ್ಟವಾಗಿತ್ತು. ಆ ವರ್ಷ ವೈಸಾಕಿ ಬರೆದ ಒಂದು ಪುಟ್ಟ ದಾಖಲೆ ಕರ್ನಲ್‌ನೊಡನೆಯೇ ಬರುತ್ತದೆ. ಎರಡೂ ಗುರುತನ್ನು ಒಂದೇ ಗೆರೆಗೆ ಹಾಕಲು ಸರಿಯಾದ ಕಾರಣಗಳು ತೀರಾ ಕಡಿಮೆ ಎಂದು ಅದು ಎಚ್ಚರಿಸುತ್ತದೆ. ಎಬ್ಬಿಸುವ ಗೆರೆ ಎಂದು ಮಾತ್ರ ಹೇಳಿದ್ದರೆ ಆ ಸಂದಿಯಲ್ಲಿ ಆಗುವುದು ಬೇರೆ. ಕರ್ನಲ್ ಹ್ಯಾಂಡ್ಲರನ್ನು ಕರೆಯುವುದೇ ಇಲ್ಲ. ಸಂದೇಶ ಏನೆಂದು ತಿಳಿದುಕೊಳ್ಳಲೂ ಹೋಗುವುದಿಲ್ಲ. 'ಬಾಕಿ ಇದೆ' ಎಂದು ಒಂದು ಗುರುತು ಹಾಕುತ್ತದೆ, ಆ ಗೆರೆಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಮತ್ತು ಮಲಗುವ ಇಡೀ ಕಾರ್ಯಕ್ರಮವನ್ನು ರದ್ದು ಮಾಡುತ್ತದೆ. ಉಪಕರಣಗಳೆಲ್ಲ ತಿರುಗಿ ಏಳುತ್ತಾ ಬರುವಾಗ, ಕಿವಿ ಮತ್ತೆ ತೆರೆದ ಗಳಿಗೆಯಲ್ಲಿ ಬಾಕಿಯ ಗುರುತು ನೋಡಿ ಹ್ಯಾಂಡ್ಲರನ್ನು ಓಡಿಸುತ್ತದೆ. ಹೊಸ್ತಿಲಲ್ಲಿ ಕೂತವರಿಗೆ ಸುದ್ದಿ ಅರ್ಥವಾಗಬೇಕಿಲ್ಲ, ಅದನ್ನು ನಿಭಾಯಿಸುವುದೂ ಅವರ ಕೆಲಸವಲ್ಲ. ಬಂದದ್ದನ್ನು ತಾವೇ ನುಂಗಿಕೊಳ್ಳದೆ, ಒಳಗಿನವರು ಮಲಗುವುದನ್ನು ತಡೆದರೆ ಸಾಕು.

ಸರಿಪಡಿಸಿದ್ದು ಒಂದೇ ಪದ ಅಳಿಸಿ. ಆ ಗುರುತನ್ನು ತೆಗೆದೆ. ಎರಡು ರಾತ್ರಿ, ಎರಡು ಹಗಲು ಮಲಗಿಸಿ ಎಬ್ಬಿಸಿ ನೋಡಿದೆವು. ಒಂದು ಒತ್ತೂ ತಪ್ಪಲಿಲ್ಲ. ಪರೀಕ್ಷೆಯ ಹುಡುಗಿ ಪಟ್ಟಿಯಲ್ಲಿ 'ಮುಗಿಯಿತು' ಎಂದು ಬರೆದಳು.

ಆ ರಾತ್ರಿ ಮೆಟ್ರೊದಲ್ಲಿ ಮನೆಗೆ ಬಂದೆ. ನಮ್ಮ ಕಡೆಗೆ ಮೆಟ್ರೊ ಬಂದದ್ದು 2014ರ ಮಾರ್ಚ್ 1ಕ್ಕೆ, ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ. ಶ್ರೀರಾಂಪುರ ನಿಲ್ದಾಣದ ಎತ್ತರದಿಂದ ನೋಡಿದರೆ ನಾವಿದ್ದ ವಠಾರದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಕಾಣುತ್ತದೆ. ನಾವೀಗ ಅಲ್ಲಿಂದ ಎರಡು ಬೀದಿ ಆಚೆ ಇದ್ದೇವೆ. ಸಂಪು ಇದೆ, ಮೇಲೆ ಟ್ಯಾಂಕಿದೆ. ನೀರಿಗೆಂದು ಯಾರೂ ಏಳಬೇಕಿಲ್ಲ. ಆದರೂ ರಾತ್ರಿ ಸಂಪಿಗೆ ನೀರು ಬೀಳುವ ಸದ್ದಿಗೆ ಅಮ್ಮನಿಗೆ ಎಚ್ಚರವಾಗುತ್ತದೆ.

ಅಮ್ಮ ಊಟ ಬಡಿಸುತ್ತಿದ್ದಳು. ನಾನು ಕೆಲಸದ ವಿಷಯ ಹೇಳಲು ಶುರು ಮಾಡಿದೆ. ಮಲಗುವ ಯಂತ್ರ, ಸಂದಿ, ಎಚ್ಚರವಿದ್ದೂ ಹೇಳದ ಕಾವಲುಗಾರ. ಹೇಳುತ್ತಾ ಹೇಳುತ್ತಾ ಅದು ಯಾವಾಗ ಆ ಭಾನುವಾರದ ಕಡೆ ತಿರುಗಿತೋ ತಿಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ, "ಆ ಹುಡುಗ ಹೇಳಿದ್ದು ನನಗೆ ಅಮ್ಮ, ನಿನಗಲ್ಲ," ಎಂದೆ.

"ನನಗೆ ಗೊತ್ತಿಲ್ವೇನೇ?" ಎಂದಳು ಅಮ್ಮ. ಸಾರಿನ ಸೌಟು ಕೈಯಲ್ಲೇ ಇತ್ತು. "ಯಾರು ಬಂದರೂ ಎಬ್ಬಿಸಬೇಡ ಅಂದಿದ್ದು ನಾನು. ಯಾವುದಕ್ಕೆ ಎಬ್ಬಿಸಬೇಕು ಅಂತ ಹೇಳಿಕೊಟ್ಟಿರಲೇ ಇಲ್ಲ. ಎಂಟು ವರ್ಷದ ಮಗು, ಹೇಳಿದಷ್ಟು ಮಾಡ್ತು."

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ನಿಮ್ಮಪ್ಪಂಗೂ ಗೊತ್ತಿತ್ತು. ಅಂಗಡಿಯವರು ಆ ವಾರವೇ ಹೇಳಿದ್ರಂತೆ. ಮಗೂನ ಏನೂ ಕೇಳಬೇಡ ಅಂದ್ರು."

ಅನ್ನ ಕಲಸಿದ ಕೈ ಹಾಗೇ ಒಣಗಿತು. ದಿನವೂ ಚಾಪೆಯ ಮೇಲಿಂದ ಬರುತ್ತಿದ್ದ ಆ ಪ್ರಶ್ನೆ ನೆನಪಾಯಿತು. ನಾನು ಅದನ್ನು ಆರೋಪ ಎಂದುಕೊಂಡೇ ದೊಡ್ಡವಳಾಗಿದ್ದೆ. ಕರ್ನಲ್‌ನಲ್ಲಿ ಎಲ್ಲ ಮುಗಿದು, ಒಂದೇ ಕೋರ್ ಉಳಿದು, ಇನ್ನೇನು ಅದೂ ನಿಲ್ಲಬೇಕು ಎನ್ನುವಾಗ ಒಂದು ಕೊನೆಯ ಪ್ರಶ್ನೆ ಇದೆ. ಎಬ್ಬಿಸಬೇಕಾದ್ದು ಏನಾದರೂ ಬಾಕಿ ಇದೆಯೇ? ಇದೆ ಎಂದರೆ ಅಲ್ಲಿಂದಲೇ ಹಿಂದಿರುಗುತ್ತದೆ. ಇಲ್ಲ ಎಂದರೆ ಮಾತ್ರ ಮಲಗುತ್ತದೆ. ಆ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅಪ್ಪ ಕೇಳುತ್ತಿದ್ದದ್ದೂ ಅದನ್ನೇ. ಮಗು ಮರೆಯಬಹುದು, ಹೆದರಬಹುದು. ಹೇಳಲು ಅದಕ್ಕೆ ದಿನಕ್ಕೊಂದು ಅವಕಾಶ ಇರಲಿ ಎಂದು ಅವರೇ ಬಾಗಿಲ ಕಡೆ ತಿರುಗುತ್ತಿದ್ದರು.

ಆ ಕೆಂಪು ಗುಂಡಿಯ ಒಂದು ಯಂತ್ರವನ್ನು ಮನೆಗೆ ತಂದು ಅಮ್ಮನ ಮಂಚದ ಪಕ್ಕ ಇಟ್ಟಿದ್ದೇನೆ. ಅಮ್ಮ ಅದನ್ನು ಒತ್ತುವುದಿಲ್ಲ. ಮಂಡಿ ನೋವಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡಿದರೂ ಬೆಳಗ್ಗೆಯೇ ನನಗೆ ಗೊತ್ತಾಗುವುದು. ಯಾಕೆ ಒತ್ತಲಿಲ್ಲ ಎಂದರೆ, "ನೀನು ಮಲಗಿದ್ದೆಯಲ್ಲ," ಎನ್ನುತ್ತಾಳೆ. ಹದಿನೆಂಟು ವರ್ಷ ಹೊಸ್ತಿಲು ಕಾದವಳಿಗೆ ನನ್ನ ಯಾವ ಪ್ಯಾಚೂ ತಾಗುವುದಿಲ್ಲ.

ಅದಕ್ಕೇ ಈಗ ದೀಪ ಆರಿಸುವ ಮೊದಲು ನಾನೇ ಅವಳ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತೇನೆ.

"ಏನಾದರೂ ಇದೆಯಾ ಅಮ್ಮ?"

ಕೆಲವು ದಿನ "ಏನಿಲ್ಲ, ಮಲಕ್ಕೊ ಹೋಗು" ಎನ್ನುತ್ತಾಳೆ. ಕೆಲವು ದಿನ ಸ್ವಲ್ಪ ಸುಮ್ಮನಿದ್ದು, "ಮಂಡಿಗೆ ಒಂಚೂರು ಎಣ್ಣೆ ಹಚ್ತೀಯಾ?" ಎನ್ನುತ್ತಾಳೆ.